ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಕಳೆದ ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಂಡಿಸಿದ ಸಲಹೆ ನಿಮಗೆಲ್ಲ ನೆನಪಿರಬಹುದು. ಅಲ್ ಖುವೈರ್‌ನ ಸದಸ್ಯರೊಬ್ಬರ ಮನೆಯ ಹಜಾರದಲ್ಲಿರುವ ನಮ್ಮ ಸಂಘದ ಪುಸ್ತಕದ ಕಪಾಟಿನಿಂದ ಇಂಗ್ಲಿಷ್ ಕಾದಂಬರಿಗಳನ್ನು, ಮುಖ್ಯವಾಗಿ ಅಮೆರಿಕದ ಮಕ್ಕಳ ಕಾದಂಬರಿಗಳನ್ನು ತೆಗೆದುಹಾಕಬೇಕು. ಕನ್ನಡ ಸಂಘದ ಕಪಾಟಿನಲ್ಲಿ ಕನ್ನಡವೊಂದೇ ಇರಬೇಕು ಎಂಬುದು ಆ ಸಲಹೆ. ಬಹಳ ಮಂದಿ ಚಪ್ಪಾಳೆ ತಟ್ಟಿದರು. ತಟ್ಟದೆ ಕುಳಿತ ಕೆಲವು ಕುಟುಂಬಗಳು ನಾವು. ಊಟದ ಹೊತ್ತಾಗಿದ್ದರಿಂದ ಅಂದು ಮಾತು ಬೆಳೆಯಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಂದು ಈ ಪುಟದಲ್ಲಿ ಹೇಳುತ್ತಿದ್ದೇವೆ. ಹಿರಿಯರ ಬಗ್ಗೆ ನಮಗೆ ಗೌರವವಿದೆ. ವಿರೋಧವಿರುವುದು ಅವರ ಸಲಹೆಗೆ ಮಾತ್ರ.

ಸಭೆಯಲ್ಲಿ ಉದಾಹರಣೆಗೆಂದು ಎತ್ತಿ ತೋರಿಸಿದ್ದು ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿಗಳನ್ನು. ಊರಿಗೆ ಮರಳಿದ ಕುಟುಂಬವೊಂದು ಬಿಟ್ಟುಹೋದ ಪುಸ್ತಕಗಳವು. ಅವನ್ನು ಎತ್ತಿ ತೋರಿಸಿದವರು ತೆರೆದು ನೋಡಿದ್ದರೋ ಇಲ್ಲವೋ ಎಂಬ ಸಂಶಯ ನಮಗಿದೆ. ನೋಡಿದ್ದರೆ ಅದರಲ್ಲಿ ನಮ್ಮದೇ ಕಥೆ ಕಾಣುತ್ತಿತ್ತು.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್ನಿನ ಕಾಡಿನಲ್ಲಿ. ತಂದೆ ಚಾರ್ಲ್ಸ್ ಒಂದು ಕಡೆ ನಿಂತವರಲ್ಲ. ಬಟ್ಟೆಯ ಮಾಡಿನ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಜೊತೆಗೆ ತಮ್ಮ ಪಿಟೀಲನ್ನೂ ಇಟ್ಟುಕೊಂಡು ಕಾನ್ಸಾಸ್‌ಗೆ, ಮಿನೆಸೋಟಾಕ್ಕೆ, ಕೊನೆಗೆ ಡಕೋಟಾಕ್ಕೆ ಹೋದರು. ಮಿಡತೆಗಳ ಹಿಂಡು ಬಂದು ಗೋಧಿಯ ಪೈರನ್ನೆಲ್ಲ ತಿಂದುಹಾಕಿದಾಗ, ಆ ತಂದೆ ಹಳೆಯ ಬೂಟು ತೊಟ್ಟು, ಕೂಲಿ ಹುಡುಕಿಕೊಂಡು ನೂರಾರು ಮೈಲಿ ನಡೆದೇ ಹೋಗುತ್ತಾರೆ. ಮನೆಯಲ್ಲಿ ತಾಯಿ, ಮಕ್ಕಳು ದುಡ್ಡಿನ ಪತ್ರಕ್ಕಾಗಿ ಕಾಯುತ್ತಾರೆ. ಬಂಧುಗಳೇ, ಕುಂದಾಪುರದಲ್ಲೋ ಪುತ್ತೂರಿನಲ್ಲೋ ಗಲ್ಫಿನ ಡ್ರಾಫ್ಟಿಗಾಗಿ ಅಂಚೆಯಣ್ಣನ ದಾರಿ ಕಾದ ತಾಯಂದಿರ ಮಕ್ಕಳು ನಾವು. ಈ ಪುಟಗಳನ್ನು ಪರದೇಶದ ಕಸವೆಂದು ಹೇಗೆ ಹೇಳೋಣ?

1880-81ರ ಚಳಿಗಾಲದ ಕಥೆಯೂ ಹಾಗೆಯೇ. ಹಿಮದಿಂದ ರೈಲು ನಿಂತು ಊರಿಗೆ ದವಸವಿಲ್ಲ, ಉರುವಲಿಲ್ಲ. ಮನೆಯವರೆಲ್ಲ ಒಣಹುಲ್ಲನ್ನು ಹೊಸೆದು ಕೊರಡು ಮಾಡಿ ಉರಿಸುತ್ತಾರೆ. ಕಾಫಿ ಬೀಜದ ಪುಟ್ಟ ಯಂತ್ರದಲ್ಲಿ ಸರದಿಯ ಮೇಲೆ ಗೋಧಿ ಬೀಸಿ ರೊಟ್ಟಿ ಮಾಡುತ್ತಾರೆ. ಗುಂಡಿ ಒತ್ತಿದರೆ ಏಸಿ, ಫೋನು ಮಾಡಿದರೆ ಊಟ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ಓದಿದರೆ ಕೆಡುತ್ತಾರೆಯೇ?

ಹಾಗೆಂದು ಈ ಪುಸ್ತಕಗಳಲ್ಲಿ ದೋಷವೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ದೋಷವನ್ನು ನಮಗೆ ತೋರಿಸಿಕೊಟ್ಟವಳು ನಮ್ಮಲ್ಲೊಬ್ಬರ ಒಂಬತ್ತು ವರ್ಷದ ಮಗಳು. ಒಂದು ಶುಕ್ರವಾರ ಮಧ್ಯಾಹ್ನ ಪುಸ್ತಕ ಮಡಚಿ ಹಿಡಿದುಕೊಂಡು ಬಂದು, "ಅಪ್ಪಾ, ಇದರಲ್ಲಿ ಇಂಡಿಯನ್ಸ್ ಅಂದ್ರೆ ಎಲ್ಲರೂ ಹೆದರ್ತಾರೆ. ಅದು ನಾವಾ?" ಎಂದು ಕೇಳಿದಳು. ಇಂಡಿಯನ್ ಸ್ಕೂಲಿಗೆ ಹೋಗುವ ಮಗು ಬೇರೇನು ಕೇಳೀತು? ಅಪ್ಪನಿಗೆ ನಗು ಬಂತು, ಆಮೇಲೆ ನಗು ನಿಂತಿತು. ಉತ್ತರ ಹೇಳಲು ಅವರೂ ಪುಸ್ತಕ ಓದಬೇಕಾಯಿತು.

ಲಾರಾ ಕುಟುಂಬ 1869ರಲ್ಲಿ ಕಾನ್ಸಾಸ್‌ನಲ್ಲಿ ಮನೆ ಕಟ್ಟಿದ್ದು ಓಸೇಜ್ ಎಂಬ ಮೂಲನಿವಾಸಿಗಳ ನೆಲದಲ್ಲಿ. ಅಲ್ಲಿ ನೆಲೆಸಲು ಬಿಳಿಯರಿಗೆ ಆಗ ಹಕ್ಕಿರಲಿಲ್ಲ. ಆದರೆ 1935ರಲ್ಲಿ ಪ್ರಕಟವಾದ ಆ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ಮಾತಿತ್ತು. ಇಂಡಿಯನ್ನರು ಜನರಲ್ಲವೇ ಎಂದು 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಬರೆದು ಕೇಳಿದರು. ಆಗ 85 ವರ್ಷವಾಗಿದ್ದ ಲಾರಾ ತಪ್ಪಾಯಿತೆಂದು ಒಪ್ಪಿಕೊಂಡರು. 1953ರ ಮುದ್ರಣದಲ್ಲಿ ಆ ಮಾತು ತಿದ್ದುಪಡಿಯಾಯಿತು. ತಿದ್ದಿದ್ದು ಒಂದು ಪದ. ಪುಸ್ತಕದಲ್ಲಿ ನೋಯಿಸುವ ಮಾತುಗಳು ಇನ್ನೂ ಇವೆ. ಈ ಕಾರಣದಿಂದಲೇ 2018ರಲ್ಲಿ ಅಮೆರಿಕದ ಗ್ರಂಥಪಾಲಕರ ಸಂಘಟನೆ ಮಕ್ಕಳ ಸಾಹಿತ್ಯದ ಒಂದು ದೊಡ್ಡ ಪ್ರಶಸ್ತಿಯಿಂದ ಲಾರಾ ಹೆಸರನ್ನು ತೆಗೆಯಿತು. ಆದರೆ ಗಮನಿಸಿ: ಪ್ರಶಸ್ತಿಯ ಹೆಸರು ಬದಲಾಯಿಸಿದವರು ಪುಸ್ತಕಗಳನ್ನು ಓದಬೇಡಿ ಎನ್ನಲಿಲ್ಲ.

ಹಾಗಿದ್ದರೆ ತೆಗೆದುಹಾಕುವುದೇ ಸರಿ ಎಂದು ಸಲಹೆಯ ಪರವಾಗಿರುವವರು ಹೇಳಬಹುದು. ಸ್ವಲ್ಪ ನಿಲ್ಲಿ. ಪುಸ್ತಕ ಕಪಾಟಿನಲ್ಲಿ ಇದ್ದುದರಿಂದ ತಾನೇ ಮಗು ಆ ಪ್ರಶ್ನೆ ಕೇಳಿದ್ದು? ಅದೇ ಪ್ರಶ್ನೆ ನಮ್ಮ ಕಡೆಗೂ ತಿರುಗಿತು. "ನಾವು ಬಂದಾಗ ಇಲ್ಲಿ ಏನಿತ್ತು? ಬರೀ ಮರಳು. ಎಲ್ಲ ಕಟ್ಟಿದ್ದು ನಾವೇ" ಎಂದು ನಮ್ಮ ಕೂಟಗಳಲ್ಲಿ ಎಷ್ಟು ಸಲ ಹೇಳಿಲ್ಲ! ಬೆಟ್ಟದ ಅಡಿಯ ನೀರನ್ನು ಕಾಲುವೆಯಲ್ಲಿ ತೋಟಕ್ಕೆ ತಂದು, ಪಾಳಿಯ ಪ್ರಕಾರ ಹಂಚಿಕೊಳ್ಳುವ ಫಲಜ್‌ಗಳನ್ನು ಒಮಾನಿಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಏನೂ ಇರಲಿಲ್ಲ ಎನ್ನುವ ನಮಗೂ 1935ರ ಆ ಪುಸ್ತಕಕ್ಕೂ ಏನು ವ್ಯತ್ಯಾಸ? ನಾವಂತೂ ಇಲ್ಲಿ ನೆಲ ಹಿಡಿಯಲು ಬಂದವರಲ್ಲ, ವೀಸಾದ ಮೇಲೆ ಬಂದ ಅತಿಥಿಗಳು. ಅತಿಥಿಗೆ ಆ ಮಾತು ಇನ್ನೂ ಒಪ್ಪುವುದಿಲ್ಲ. ಅಮೆರಿಕದ ಒಂದು ಕಾದಂಬರಿ ನಮ್ಮ ಮಗುವಿನ ಬಾಯಿಂದ ನಮಗೆ ಕಲಿಸಿದ ಪಾಠವಿದು.

ಇನ್ನು ಕನ್ನಡದ ಮಾತು. ಕನ್ನಡ ಎಂದಾದರೂ ಬಾಗಿಲು ಹಾಕಿಕೊಂಡು ಬೆಳೆದಿದೆಯೇ? ಪ್ರತಿ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಇಲಿಯ ಬಾಲ ಕಟ್ಟಿಕೊಂಡು ಕುಣಿಯುವ ಕುವೆಂಪು ಅವರ ಕಿಂದರಿಜೋಗಿ ಬಂದದ್ದು ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯಿಂದ. ಬ್ರೌನಿಂಗ್‌ಗೆ ಅದು ಜರ್ಮನಿಯ ದಂತಕಥೆಯಿಂದ. ಬೊಮ್ಮನಹಳ್ಳಿಗೆ ಬಂದ ಮೇಲೆ ಅದು ನಮ್ಮದೇ ಆಯಿತು. ಲಾರಾ ಅವರ ಪುಸ್ತಕಗಳೂ ಎಸ್. ಅನಂತನಾರಾಯಣ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದಿವೆ. ಹಾಗಾದರೆ ಕಪಾಟಿನಿಂದ ತೆಗೆಯಬೇಕಾದದ್ದು ಯಾವುದು? ಅಮೆರಿಕವೇ, ಇಂಗ್ಲಿಷೇ, ಅಥವಾ ನಮ್ಮ ಸೋಮಾರಿತನವೇ?

ಜ್ವರ ಇರುವುದು ಬೇರೆ ಕಡೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಅಂಗಡಿಯಲ್ಲಿ ಮಲಯಾಳ, ಅರಬಿ. ಇವುಗಳ ನಡುವೆ ಓದುವ ಕನ್ನಡಕ್ಕೆ ದಿನಕ್ಕೆ ಹತ್ತು ನಿಮಿಷವನ್ನು ನಾವು ಕೊಟ್ಟಿದ್ದೇವೆಯೇ? ರಾಜ್ಯೋತ್ಸವದ ಭಾಷಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದವರು ನಾವೇ ಅಲ್ಲವೇ? ಕಪಾಟಿನ ಕೆಳಗಿನ ಸಾಲಿನಲ್ಲಿರುವ ಕನ್ನಡ ಪುಸ್ತಕಗಳನ್ನು ಎರವಲು ಒಯ್ದವರ ಹೆಸರನ್ನು ಪುಸ್ತಕದ ಲೆಕ್ಕದಲ್ಲಿ ಹುಡುಕಿ ನೋಡಿದೆವು. ಮಕ್ಕಳ ಹೆಸರು ಸಿಗಲಿಲ್ಲ, ದೊಡ್ಡವರದ್ದೂ ಸಿಗಲಿಲ್ಲ. ನಮ್ಮ ಹೆಸರೂ ಅಲ್ಲಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿ ಫಲವೇನು?

ಮಕ್ಕಳು ಏನಾದರೂ ಓದಿಕೊಳ್ಳಲಿ ಬಿಡಿ ಎನ್ನುವವರ ಜೊತೆಗೂ ನಾವಿಲ್ಲ. ಪುಸ್ತಕ ಕೈಗೆ ಕೊಟ್ಟು ಟಿ.ವಿ. ಮುಂದೆ ಕೂರುವುದು ಸ್ವಾತಂತ್ರ್ಯವಲ್ಲ, ಕೈ ತೊಳೆದುಕೊಳ್ಳುವುದು. ಇಂಡಿಯನ್ಸ್ ಅಂದರೆ ನಾವಾ ಎಂದು ಮಗು ಕೇಳಿದಾಗ ಪಕ್ಕದಲ್ಲಿ ಒಬ್ಬರು ಇರಬೇಕು, ಮತ್ತು ಅವರು ಮನೆಯ ಮಾತಿನಲ್ಲಿ ಉತ್ತರಿಸಬೇಕು.

ಕೊನೆಯದಾಗಿ ಒಂದು ಮಾತು. ಲಾರಾ ಅವರ ಮೊದಲ ಪುಸ್ತಕ 1932ರಲ್ಲಿ ಹೊರಬಂದಾಗ ಅವರಿಗೆ 65 ವರ್ಷ. ತಾಯಿ ಬರೆದರು, ಪತ್ರಕರ್ತೆಯಾಗಿದ್ದ ಮಗಳು ರೋಸ್ ತಿದ್ದಿದರು. 1943ರ ಹೊತ್ತಿಗೆ ಎಂಟು ಪುಸ್ತಕಗಳಾದವು. ನಮ್ಮಲ್ಲೂ ಅರವತ್ತು ದಾಟಿದವರಿದ್ದಾರೆ. ಹಡಗಿನಲ್ಲಿ ಬಂದವರು, ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿದವರು, ಮಗಳ ಮೊದಲ ಹೆಜ್ಜೆಯನ್ನು ಪತ್ರದಲ್ಲಿ ಓದಿದವರು. ಅವರ ಕಥೆ ಯಾವ ಪುಸ್ತಕದಲ್ಲಿದೆ? ಅಲ್ ಖುವೈರ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಹುಟ್ಟಿ ಬೆಳೆದು, ಅಪ್ಪನ ವೀಸಾ ಮುಗಿದೊಡನೆ ಗೆಳತಿಯರನ್ನು ಬಿಟ್ಟುಹೋಗುವ ಮಗುವಿಗೆ ತನ್ನ ಬದುಕು ಕನ್ನಡದಲ್ಲಿ ಓದಲು ಎಲ್ಲಿ ಸಿಗುತ್ತದೆ? ನಾವು ಬರೆದುಕೊಡದಿದ್ದರೆ ಅದು ವಿಸ್ಕಾನ್ಸಿನ್ನಿನ ಕಾಡಿನಲ್ಲೇ ಹುಡುಕುತ್ತದೆ. ತಪ್ಪು ಮಗುವಿನದಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿನಂತಿ: ಕಪಾಟು ಇದ್ದಂತೆಯೇ ಇರಲಿ. ಲಾರಾ ಪುಸ್ತಕಗಳ ಕನ್ನಡ ಅನುವಾದಗಳನ್ನು ಊರಿನಿಂದ ತರಿಸಿ ಇಂಗ್ಲಿಷಿನ ಪಕ್ಕದಲ್ಲೇ ಇಡೋಣ. ರಜೆಗೆ ಹೋಗುವವರು ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಬಿಡಲಿ. ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ದೊಡ್ಡವರು ಮಕ್ಕಳಿಗೆ ಓದಿ ಹೇಳಲಿ. ಮೊದಲ ನಾಲ್ಕು ವಾರ ನಮ್ಮ ಸರದಿ. ಹಿರಿಯರು ತಾವು ಒಮಾನಿಗೆ ಬಂದ ಕಥೆಯನ್ನು ಈ ಪತ್ರಿಕೆಗೆ ಎರಡು ಪುಟ ಬರೆಯಲಿ. ಕೈ ನಡುಗುವವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಸಭೆಯಲ್ಲಿ ಸಲಹೆ ಮಂಡಿಸಿದ ಹಿರಿಯರೇ ಮೊದಲ ಲೇಖನ ಕೊಟ್ಟರೆ ನಾವೇ ಮುಂದೆ ಕೂತು ಚಪ್ಪಾಳೆ ತಟ್ಟುತ್ತೇವೆ.

ಸಿರಿಗನ್ನಡಂ ಗೆಲ್ಗೆ.

ಅಲ್ ಖುವೈರ್‌ನ ಕೆಲವು ಸದಸ್ಯ ಕುಟುಂಬಗಳು