ಹೆಬ್ಬೆಟ್ಟಿನ ಮೇಲೆ ಏನು ಬರೆದಿತ್ತು?

ಔಷಧ ಪ್ರಯೋಗದ ಮಾತೆತ್ತಿದರೆ ಸಾಕು, ನಮ್ಮ ಬಾಯಿ ಮುಚ್ಚಿಸಲು ವಿದ್ಯಾವಂತರು ಒಂದು ಪ್ರಶ್ನೆ ಇಟ್ಟುಕೊಂಡಿದ್ದಾರೆ: 'ಪ್ರಯೋಗ ಬೇಡ ಅಂದ್ರೆ ಔಷಧ ಎಲ್ಲಿಂದ ಬರುತ್ತೆ?' ಬೇಡ ಅಂದವರು ಯಾರು ಸ್ವಾಮಿ? ಮಾರಿಗೆ ಹರಕೆ ಹೊತ್ತೂ ಮಕ್ಕಳನ್ನು ಮಣ್ಣು ಮಾಡಿದ ಜನ ನಾವು. ವಿಜ್ಞಾನ ನಮಗೆ ನಿಮಗಿಂತ ಜಾಸ್ತಿ ಬೇಕು. ನಾವು ಕೇಳೋದು ಬೇರೆ. ಯಾರ ಮೈ ಮೇಲೆ? ಅವರಿಗೆ ಏನು ಹೇಳಿ?

ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 1999-2000ದಲ್ಲಿ ನಡೆದದ್ದನ್ನು ನೋಡಿ. ಬಾಯಿ ಕ್ಯಾನ್ಸರಿನ 20ಕ್ಕೂ ಹೆಚ್ಚು ರೋಗಿಗಳ ಗಡ್ಡೆಗೆ ಎಂ4ಎನ್, ಜಿ4ಎನ್ ಎಂಬ ರಾಸಾಯನಿಕಗಳನ್ನು ಚುಚ್ಚಿದರು. ಅವು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಬಂದವು. 2001ರಲ್ಲಿ ಆ ಕೇಂದ್ರದ ವೈದ್ಯರೊಬ್ಬರೇ ಬಾಯಿಬಿಟ್ಟ ಮೇಲೆ ಸುದ್ದಿ ಹೊರಬಿತ್ತು. ವಿಶ್ವವಿದ್ಯಾಲಯದ ಸ್ವಂತ ವಿಚಾರಣೆಯೇ ಒಪ್ಪಿಕೊಂಡಿತು: ತನ್ನ ನೀತಿ ಸಮಿತಿಯ ಒಪ್ಪಿಗೆ ಇರಲಿಲ್ಲ; ಮನುಷ್ಯರಿಗೆ ಚುಚ್ಚುವ ಮುನ್ನ ಪ್ರಾಣಿಗಳ ಮೇಲೆ ಸಾಲುವಷ್ಟು ಪರೀಕ್ಷೆ ನಡೆದಿರಲಿಲ್ಲ. ಅಂದರೆ ಇಲಿಯ ಸರದಿ ನಮ್ಮವರಿಗೆ ಬಂತು. ಅವರ ಜಾತಿ ನಾವು ಕೇಳೋದಿಲ್ಲ. ಬಾಯಲ್ಲಿ ಹುಣ್ಣು ಇಟ್ಟುಕೊಂಡು ಸರ್ಕಾರಿ ಆಸ್ಪತ್ರೆ ಬಾಗಿಲಲ್ಲಿ ಕೂತವರೆಲ್ಲ ನಮ್ಮವರೇ.

ಅದೇ ಎಂ4ಎನ್ ಆಮೇಲೆ ಟೆರಾಮೆಪ್ರೊಕಾಲ್ ಅಂತ ಹೆಸರು ಇಟ್ಟುಕೊಂಡಿತು. ನುಂಗುವ ಔಷಧವಾಗಿ, ಅಮೆರಿಕದಲ್ಲಿ, ಮರುಕಳಿಸಿದ ಮಿದುಳು ಗಡ್ಡೆಯವರ ಮೇಲೆ ಮೊದಲ ಹಂತದ ಪರೀಕ್ಷೆಗೆ ಹೋಯಿತು. ಚುಚ್ಚಿಸಿಕೊಂಡವರನ್ನು ಯಾರು ನೆನೆದರು?

ಈ 'ಮೊದಲ ಹಂತ' ಏನೆಂದು ನಮ್ಮ ಜನಕ್ಕೆ ತಿಳಿಯಲಿ. ಅದು ಗುಣ ಮಾಡಲು ಇಟ್ಟ ಹಂತವಲ್ಲ. ಮೈ ಎಷ್ಟು ತಡೆಯುತ್ತೆ ಅಂತ ಅಳೆಯುವ ಹಂತ. ಹಳೆಯ ರೂಢಿಯ ಪ್ರಕಾರ 3 ಜನಕ್ಕೆ ಕಡಿಮೆ ಪ್ರಮಾಣ ಕೊಡುತ್ತಾರೆ. ತಡೆದುಕೊಂಡರೆ ಮುಂದಿನ 3 ಜನಕ್ಕೆ ಏರಿಸುತ್ತಾರೆ. ಒಬ್ಬರಿಗೆ ತೀವ್ರವಾಗಿ ಬಾಧಿಸಿದರೆ ಅಷ್ಟನ್ನೇ ಇನ್ನೂ 3 ಜನಕ್ಕೆ. ಇಬ್ಬರಿಗೆ ಬಾಧಿಸಿತೋ, ಏರಿಸುವುದು ನಿಲ್ಲುತ್ತದೆ. ಗಡ್ಡೆ ಕರಗಿದರೆ ಅದು ಅದೃಷ್ಟ.

ಲೆಕ್ಕದ ಮೇಲೆ ನಮ್ಮ ತಕರಾರಿಲ್ಲ. ಆದರೆ ಈ ಲೆಕ್ಕವನ್ನು ಅವ್ವನಿಗೆ ಅವ್ವನ ಮಾತಲ್ಲಿ ಹೇಳಿದವರು ಯಾರು? 'ಹೊಸ ಔಷಧಿ ಬಂದದೆ ಕಣಮ್ಮ, ದುಡ್ಡಿಲ್ಲ, ಇಲ್ಲಿ ಒತ್ತು' ಅಂದರೆ ಒಪ್ಪಿಗೆ ಸಿಕ್ಕಿತೇ? 'ನೀವು ಹೇಳಿದ ಮೇಲೆ ಮುಗೀತು ಬುದ್ಧಿ' ಅನ್ನುವ ಆ ಬಾಯಿ ಗೌಡರ ಜಗಲಿ ಕೆಳಗೆ ನಿಂತು ಮಾತು ಕಲಿತದ್ದು. ಅದಕ್ಕೆ ಇಲ್ಲ ಅನ್ನೋದು ಯಾರೂ ಕಲಿಸಲಿಲ್ಲ.

2013ರಲ್ಲಿ, ಸುಪ್ರೀಂ ಕೋರ್ಟಿನ ಬಿಸಿ ತಟ್ಟಿದ ಮೇಲೆ, ಪ್ರತಿಯೊಬ್ಬರ ಒಪ್ಪಿಗೆಯನ್ನೂ ಧ್ವನಿ-ಚಿತ್ರದಲ್ಲಿ ದಾಖಲಿಸಬೇಕೆಂದು ಸರ್ಕಾರ ಹೇಳಿತು. 2015ರಲ್ಲಿ ಅದನ್ನೇ ಮೊಟಕು ಮಾಡಿದರು: ಔಷಧ ಹೊಸ ರಾಸಾಯನಿಕವಾಗಿರಬೇಕು, ರೋಗಿ 'ದುರ್ಬಲ' ವರ್ಗದವನಾಗಿರಬೇಕು, ಆಗ ಮಾತ್ರ. 2019ರ ನಿಯಮಗಳಲ್ಲೂ ಅದೇ ಉಳಿಯಿತು. ನೆಲಗಡಲೆ ಕಿತ್ತು ಕೈ ಬೊಬ್ಬೆ ಎದ್ದ ಹೆಂಗಸು ದುರ್ಬಲಳೋ ಅಲ್ಲವೋ ಅಂತ ಎ.ಸಿ. ಕೋಣೆಯಲ್ಲಿ ಕೂತವರು ತೀರ್ಮಾನ ಮಾಡುತ್ತಾರೆ!

ಇನ್ನು ಗೆದ್ದ ಗುಳಿಗೆಯ ಕತೆ. ಸೊಟೊರಾಸಿಬ್ ಎಂಬುದು ಗಟ್ಟಿ ಗಡ್ಡೆಗಳವರ ಮೇಲೆ ಮೊದಲ ಹಂತ ದಾಟಿ, 2021ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಆಗ ಬೆಲೆ ತಿಂಗಳಿಗೆ 17,900 ಡಾಲರ್. ದಿನಕ್ಕೆ 960 ಮಿಲಿಗ್ರಾಂ ಅಂತ ಬರೆದರು. 240ನ್ನೂ ಹೋಲಿಸಿ ನೋಡಿ ಅಂತ ಅಲ್ಲಿನ ಔಷಧ ಇಲಾಖೆಯೇ ಹೇಳಬೇಕಾಯಿತು. ಎಷ್ಟು ಸಾಕು ಅನ್ನೋದಕ್ಕಿಂತ ಎಷ್ಟು ತಡೆಯಬಹುದು ಅಂತ ನೋಡುವ ಚಾಳಿ ಇದು. ಆ ದೇಶದ ಓದು ಬಲ್ಲ ರೋಗಿಗೇ ಈ ಪಾಡು.

ನಮ್ಮ ಹಟ್ಟಿಯ ಹುಡುಗರು ಹುಡುಗಿಯರು ಈಗ ಅಕ್ಷರ ಕಲಿತಿದ್ದೇವೆ. ಅವ್ವನ ಜೊತೆ ಆಸ್ಪತ್ರೆಗೆ ನಾವೂ ಬರುತ್ತೇವೆ. ಕಾಗದ ಕನ್ನಡದಲ್ಲಿರಲಿ, ಒಂದು ಪ್ರತಿ ಮನೆಗೆ ಕೊಡಿ. ಅವ್ವನಿಗೆ ಓದಿ ಹೇಳಿ, ನಾಳೆ ಬಂದು ಹೇಳುತ್ತೇವೆ.