ವಿಜ್ಞಾನ ಗೊತ್ತಿದ್ದರೆ ಸಾಕೇ, ಮೇಷ್ಟ್ರಾಗಲು?



ಇನ್ನು ಒಂದೆರಡು ವರ್ಷಗಳಲ್ಲಿ ನೀವು ಪ್ರೌಢಶಾಲೆಯ ಮೆಟ್ಟಿಲು ಹತ್ತುವಿರಿ. ಅಲ್ಲಿ ‘ಪಿಸಿಎಂ ಮೇಷ್ಟ್ರು’, ‘ಸಿಬಿಜೆಡ್ ಮೇಡಂ’ ಎಂಬ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಮೊದಲನೆಯವರು ಪದವಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದಿದವರು. ಎರಡನೆಯವರು ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಓದಿದವರು. ಆದರೆ ಬಿ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಯಾರೂ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಾಗಲು ಆಗುವುದಿಲ್ಲ. ಬಿ.ಎಡ್. ಎಂಬ ಇನ್ನೊಂದು ಪದವಿಯನ್ನು ವಿಶ್ವವಿದ್ಯಾಲಯದಿಂದ ಪಡೆಯಬೇಕು. ಆಮೇಲೆ ನೇಮಕಾತಿ ಪರೀಕ್ಷೆ ಬೇರೆ!

‘ವಿಷಯ ಗೊತ್ತಿದ್ದವರಿಗೆ ಪಾಠ ಹೇಳಲು ಬಾರದೇ? ಅದಕ್ಕೂ ಎರಡು ವರ್ಷ ಕಲಿಯಬೇಕೇ?’ ಎಂದು ಕೇಳುವ ದೊಡ್ಡವರು ಬಹಳ ಮಂದಿ ಇದ್ದಾರೆ. ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಎರಡು ವರ್ಷಗಳಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು ಎಂಬ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ನಿಮಗೇ ಹೇಳುತ್ತೇನೆ. ಏಕೆಂದರೆ ಈ ತರಬೇತಿಯ ಮುಖ್ಯ ಭಾಗ ನಡೆಯುವುದು ನಿಮ್ಮಂಥ ಮಕ್ಕಳ ಎದುರಿನಲ್ಲೇ.

ಮೊದಲು ಒಂದು ಪ್ರಶ್ನೆ. ಬೇಸಿಗೆಯಲ್ಲಿ ಸೆಕೆ ಏಕೆ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

‘ಆಗ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ’ ಎಂದಿರಾ? ನಾಚಿಕೆ ಬೇಡ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ, ಕಪ್ಪು ಗೌನು ತೊಟ್ಟು ನಿಂತಿದ್ದ ಪದವೀಧರರನ್ನು ಇಂಥದ್ದೇ ಪ್ರಶ್ನೆ ಕೇಳಿ ಒಂದು ಸಾಕ್ಷ್ಯಚಿತ್ರಕ್ಕಾಗಿ ಚಿತ್ರೀಕರಿಸಿದರು. ಅವರಲ್ಲಿ ಹಲವರು ನಿಮ್ಮಂತೆಯೇ ಉತ್ತರಿಸಿದರು, ಅದೂ ಬಹಳ ಧೈರ್ಯದಿಂದ. ನಿಜವೇನು ಗೊತ್ತೇ? ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್ ದೂರದಲ್ಲಿ. ಆಗ ನಾವು ಕಂಬಳಿ ಹೊದ್ದು ಮಲಗಿರುತ್ತೇವೆ! ಅತಿ ದೂರವಿರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15 ಕೋಟಿ 20 ಲಕ್ಷ ಕಿಲೋಮೀಟರ್. ಋತುಗಳಿಗೆ ಕಾರಣ ಈ ದೂರವಲ್ಲ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ನಮ್ಮ ಅರ್ಧಗೋಳ ಸೂರ್ಯನ ಕಡೆಗೆ ವಾಲಿರುವ ತಿಂಗಳುಗಳಲ್ಲಿ ಕಿರಣಗಳು ಹೆಚ್ಚು ನೇರವಾಗಿ ಬೀಳುತ್ತವೆ, ಹಗಲೂ ಉದ್ದವಾಗುತ್ತದೆ.

ಆ ಪದವೀಧರರು ಇದನ್ನು ಶಾಲೆಯಲ್ಲಿ ಓದಿರಲಿಲ್ಲವೇ? ಬಹುಪಾಲು ಮಂದಿ ಓದಿಯೇ ಇದ್ದಿರಬೇಕು. ಆದರೆ ಒಲೆಯ ಹತ್ತಿರ ಕುಳಿತರೆ ಬಿಸಿ, ದೂರ ಸರಿದರೆ ತಂಪು ಎಂಬುದು ಚಿಕ್ಕಂದಿನಿಂದ ಮೈಗೇ ಗೊತ್ತಿರುವ ಪಾಠ. ಪುಸ್ತಕದ ಪಾಠ ಅದರ ಮೇಲೆ ಬಂದು ಕೂರುತ್ತದೆ, ಪರೀಕ್ಷೆ ಮುಗಿದ ಮೇಲೆ ಜಾರಿ ಬೀಳುತ್ತದೆ. ‘ನಿನಗೆ ಏನನ್ನಿಸುತ್ತದೆ?’ ಎಂದು ಯಾರಾದರೂ ಮೊದಲೇ ಕೇಳಿದ್ದರೆ ಆ ಹಳೆಯ ಪಾಠ ಹೊರಗೆ ಬರುತ್ತಿತ್ತು.

ಇನ್ನೊಂದು ಉದಾಹರಣೆ. ಹುಣಸೆಬೀಜ ಬೆಳೆದು ಹೆಮ್ಮರವಾಗುತ್ತದೆ. ಅಷ್ಟು ತೂಕ ಬಂದದ್ದು ಎಲ್ಲಿಂದ? ‘ಮಣ್ಣಿನಿಂದ’ ಎಂಬುದು ಮಕ್ಕಳು ಸಾಮಾನ್ಯವಾಗಿ ಕೊಡುವ ಉತ್ತರ. ಸುಮಾರು 400 ವರ್ಷಗಳ ಹಿಂದೆ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ತೂಕ ಮಾಡಿದ ಒಣಮಣ್ಣಿನಲ್ಲಿ ಒಂದು ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ. ಮರದ ತೂಕ 70 ಕಿಲೋಗಿಂತ ಹೆಚ್ಚಾಯಿತು. ಮಣ್ಣು ಕಳೆದುಕೊಂಡದ್ದು ಕೆಲವೇ ಗ್ರಾಂ! ಹಾಗಾದರೆ ಎಲ್ಲವೂ ನೀರಿನಿಂದಲೇ ಬಂತು ಎಂದು ಅವನು ತೀರ್ಮಾನಿಸಿದ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡಿನ ಪಾತ್ರ ಅವನಿಗೆ ಹೊಳೆಯಲಿಲ್ಲ. (ತಮಾಷೆಯೆಂದರೆ ‘ಗ್ಯಾಸ್’ ಎಂಬ ಪದವನ್ನು ಹುಟ್ಟಿಸಿದವನೂ ಅವನೇ.) ಬಿ.ಎಸ್ಸಿ. ಮಾಡಿದವರು ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಕಣ್ಣುಮುಚ್ಚಿ ಬರೆಯಬಲ್ಲರು. ಆದರೆ ಮಗು ‘ಮಣ್ಣು’ ಎಂದೇಕೆ ಹೇಳುತ್ತದೆ, ಆಗ ಯಾವ ಪ್ರಯೋಗ ತೋರಿಸಬೇಕು, ಮುಂದಿನ ಪ್ರಶ್ನೆ ಯಾವುದು? ಇದು ಪದವಿಯ ಪಠ್ಯದಲ್ಲಿ ಇರುವುದಿಲ್ಲ. ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು 1986ರಲ್ಲಿ ಇದನ್ನು ಶಿಕ್ಷಕರಿಗೇ ವಿಶೇಷವಾದ ಜ್ಞಾನ ಎಂದು ಗುರುತಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟರು.

ಇದನ್ನು ಕಲಿಯುವುದು ಎಲ್ಲಿ? ಬಿ.ಎಡ್. ಕಾಲೇಜಿನಲ್ಲಿ ಮಕ್ಕಳ ಮನೋವಿಜ್ಞಾನ ಕಲಿಸುತ್ತಾರೆ, ಪಾಠಯೋಜನೆ ಬರೆಸುತ್ತಾರೆ, ‘ಸೂಕ್ಷ್ಮ ಬೋಧನೆ’ ಮಾಡಿಸುತ್ತಾರೆ. ಐದಾರು ನಿಮಿಷದ ಪುಟ್ಟ ಪಾಠ ಅದು. ಪ್ರಶ್ನೆ ಕೇಳುವುದು, ಕಪ್ಪುಹಲಗೆ ಬಳಸುವುದು, ಹೀಗೆ ಒಂದೊಂದೇ ಕೌಶಲದ ಅಭ್ಯಾಸ. ಅಲ್ಲಿ ಸಾಮಾನ್ಯವಾಗಿ ಸಹಪಾಠಿಗಳೇ ವಿದ್ಯಾರ್ಥಿಗಳ ಪಾತ್ರ ಮಾಡುತ್ತಾರೆ. ಅವರು ತೊಡಕಿನ ಪ್ರಶ್ನೆ ಕೇಳುವುದು ಕಡಿಮೆ. ನಾಳೆ ಅವರ ಸರದಿ ಇರುತ್ತದಲ್ಲ!

ಆದ್ದರಿಂದ ನಿಜವಾದ ಕಲಿಕೆ ಶಾಲೆಯಲ್ಲೇ ಆಗಬೇಕು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮಗಳಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು. ಕನಿಷ್ಠ 20 ವಾರ ಶಾಲೆಗಳಲ್ಲಿ ಇರಬೇಕು ಎಂದೂ ಹೇಳಲಾಯಿತು. ಎಂ.ಬಿ.ಬಿ.ಎಸ್. ಓದುವವರು ಆಸ್ಪತ್ರೆಯಲ್ಲಿ ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿಯುತ್ತಾರೆ. ಅದಕ್ಕೆ ಹೋಲಿಸಿದರೆ 20 ವಾರ ಹೆಚ್ಚೇನಲ್ಲ. ನನ್ನ ತಕರಾರು ಇರುವುದು ಇಲ್ಲೇ. ಆ ವಾರಗಳಲ್ಲೂ ಪ್ರಶಿಕ್ಷಣಾರ್ಥಿಗಳ ಎಷ್ಟೋ ರಾತ್ರಿಗಳು ಚಾರ್ಟಿಗೆ ಬಣ್ಣ ಹಚ್ಚುವುದರಲ್ಲಿ, ರೆಕಾರ್ಡ್ ಪುಸ್ತಕಕ್ಕೆ ಅಂಚುಗೆರೆ ಎಳೆಯುವುದರಲ್ಲಿ ಕಳೆದುಹೋಗುತ್ತವೆ. ಆ ರೆಕಾರ್ಡಿನಲ್ಲಿ ‘ಇಂದು ಮಕ್ಕಳು ಕೊಟ್ಟ ತಪ್ಪು ಉತ್ತರಗಳು’ ಎಂಬ ಒಂದು ಪುಟ ಕಡ್ಡಾಯವಾಗಲಿ, ಅದಕ್ಕೇ ಹೆಚ್ಚು ಅಂಕ ಸಿಗಲಿ ಎನ್ನುತ್ತೇನೆ ನಾನು. ಪಾಠಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಒಂದೇ ತರಗತಿಯಲ್ಲಿ ಹೆಚ್ಚು ದಿನ ಇದ್ದು, ಅದೇ ಮಕ್ಕಳ ಯೋಚನೆ ಹೇಗೆ ಬದಲಾಗುತ್ತದೆ ಎಂದು ನೋಡಲಿ.

‘ಹಾಗಾದರೆ ನಾವೇನು ಪ್ರಯೋಗಶಾಲೆಯ ಕಪ್ಪೆಗಳೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸಬರ ಪಾಠ ಅರ್ಥವಾಗದಿದ್ದರೆ ನಷ್ಟ ನಿಮಗೇ. ಅದಕ್ಕಾಗಿಯೇ ನಿಮ್ಮ ಕಾಯಂ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿರಬೇಕು. ಅವರು ಆ ಹೊತ್ತಿನಲ್ಲಿ ಕಚೇರಿಯ ಕೆಲಸಕ್ಕೆ ಎದ್ದು ಹೋಗುವಂತಾದರೆ ಅದು ತರಬೇತಿಯೂ ಅಲ್ಲ, ಪಾಠವೂ ಅಲ್ಲ.

ಇನ್ನೊಂದು ದಾರಿಯೂ ಇದೆ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯದಲ್ಲಿ (ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಪಿಯುಸಿ ಆದ ಮೇಲೆ ನಾಲ್ಕು ವರ್ಷ ವಿಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೇ ಕಲಿಸುವ ಕ್ರಮ ಬೆಳೆಯಿತು. ಅದರ ಆವರಣದಲ್ಲೇ ಮಕ್ಕಳ ಶಾಲೆಯೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ನಾಲ್ಕು ವರ್ಷದ ಶಿಕ್ಷಣವನ್ನೇ ಮೆಚ್ಚಿಕೊಂಡಿದೆ. ನನಗೂ ಇದು ಇಷ್ಟ. ಆದರೆ ಮೇಷ್ಟ್ರಾಗಬೇಕೆಂದು ಹದಿನೆಂಟನೇ ವಯಸ್ಸಿಗೇ ಎಲ್ಲರಿಗೂ ಹೊಳೆಯುವುದಿಲ್ಲವಲ್ಲ? ತಡವಾಗಿ ಹೊಳೆದವರಿಗೂ ಬಾಗಿಲು ತೆರೆದಿರಲಿ.

ಮುಂದೆ ಎಂದಾದರೂ ನಿಮ್ಮ ತರಗತಿಗೆ ಸುತ್ತಿದ ಚಾರ್ಟ್ ಹಿಡಿದುಕೊಂಡು ಹೊಸ ಅಕ್ಕನೋ ಅಣ್ಣನೋ ಬರುತ್ತಾರೆ. ಅವರಿಗೆ ಅಂಕ ಸಿಗಲಿ ಎಂದು ನೀವೆಲ್ಲ ಪುಸ್ತಕದ ಸರಿ ಉತ್ತರವನ್ನೇ ಒಪ್ಪಿಸಬೇಡಿ. ನಿಮಗೆ ನಿಜವಾಗಿ ಅನ್ನಿಸಿದ್ದನ್ನು ಹೇಳಿ. ಹಾಗೆಯೇ ಒಂದು ಟಾರ್ಚ್ ಸೆಲ್ಲು, ಒಂದು ಟಾರ್ಚ್ ಬಲ್ಬು, ಒಂದೇ ಒಂದು ತುಂಡು ತಂತಿ ಕೊಟ್ಟು, ಬಲ್ಬು ಹೊತ್ತಿಸಿ ತೋರಿಸಲು ಅವರನ್ನು ಕೇಳಿ. ಅದಕ್ಕೆ ಮೊದಲು ನೀವೂ ಪ್ರಯತ್ನಿಸಿ ನೋಡಿ. ಹಳೆಯ ಕಾಲದ ತಂತುವಿನ ಬಲ್ಬೇ ಇರಲಿ. ಮನೆಯ ಕರೆಂಟಿನ ಹತ್ತಿರ ಮಾತ್ರ ಹೋಗಬೇಡಿ.