ಖಾತೇಕ ಬಂದದ್ದೆಲ್ಲಾ ಲಕ್ಷ್ಮಿ ಅಲ್ಲ

ಅಕ್ಕಾಗೋಳ, ವೈನಿಗೋಳ, ಇವತ್ತ ಅಡಗಿ ಮಾತಿಲ್ಲ, ಉಪ್ಪಿನಕಾಯಿ ಮಾತೂ ಇಲ್ಲ. ರೊಕ್ಕದ ಮಾತು. ಸ್ವಲ್ಪ ಖಾರ ಆದೀತು, ಸಿಟ್ಟಾಗಬ್ಯಾಡ್ರಿ.

ಗೋಕಾಕ ಸಂತ್ಯಾಗ ಹೋಗ್ರಿ, ಮೂಡಲಗಿ ಬಸ್ಸಿನಾಗ ಕುಂದರ್ರಿ, ಹುಕ್ಕೇರ್ಯಾಗ ಸಂಘದ ಮೀಟಿಂಗಿಗೆ ಹೋಗ್ರಿ, ಎಲ್ಲಿ ಹೋದ್ರೂ ಈಗ ಒಂದು ಮಾತು ಕೇಳಿ ಬರ್ತೈತಿ. "ಖಾತೇಕ ಗೊತ್ತಿಲ್ಲದ ರೊಕ್ಕ ಬಂದ್ರ ಸುಮ್ಮ ತಗದು ಬಿಡಬೇಕವ್ವಾ. ತಪ್ಪು ಬ್ಯಾಂಕಿನವರದು, ನಾವೇನು ಕಳವು ಮಾಡೇವೇನು? ಲಕ್ಷ್ಮಿ ತಾನ ಮನಿಗೆ ಬಂದಾಳ, ಹೊರಗ ಹಾಕ್ತಾರೇನು?" ಇದನ್ನ ಹೇಳೋರು ಕೆಟ್ಟ ಮಂದಿ ಅಲ್ಲ. ದಿನಾ ಪೂಜಿ ಮಾಡೋರು, ಒಂದು ಸೇರು ಜ್ವಾಳ ಕಡ ತಂದ್ರೂ ಅಳತಿ ಹಿಡಿದು ತಿರುಗಿ ಕೊಡೋರು. ಅಂಥವರ ಬಾಯಾಗ ಈ ಮಾತು ಬರಾಕತ್ತೈತಿ ಅಂತನ ನಾನು ಬರಿಯಾಕ ಕುಂತೀನಿ. ಈ ಮಾತು ತಪ್ಪು. ಬರೇ ತಪ್ಪಲ್ಲ, ನಮ್ಮ ಹೆಣ್ಮಕ್ಕಳ ಬುಡಕ್ಕ ಕೊಡ್ಲಿ ಹಾಕೂ ಮಾತು.

ಮೊದಲ ಒಂದು ವಿಷಯ ಸ್ವಚ್ಛ ಮಾಡ್ಕೋಳೂಣು. ಗೊತ್ತಿಲ್ಲದ ರೊಕ್ಕ ಎಲ್ಲಾ ಮಂದಿದ ಅಲ್ಲ. ಭಾಳ ಸಲ ಅದು ನಮ್ಮದ ಇರ್ತೈತಿ, ನಮಗ ತಿಳಿದಿರೂದಿಲ್ಲ. 2023ರ ಆಗಸ್ಟ್ 30ಕ್ಕ ಮೈಸೂರಾಗ ಗೃಹಲಕ್ಷ್ಮಿ ಚಾಲೂ ಆತು, ತಿಂಗಳಿಗೆ 2,000 ರೂಪಾಯಿ. ಅದು ತಿಂಗಳಾ ತಿಂಗಳಾ ಸರಿಯಾಗಿ ಬರೂದಿಲ್ಲ. ಒಮ್ಮೊಮ್ಮೆ ನಿಂತು, ಆಮ್ಯಾಲ ಎರಡು ಕಂತು ಕೂಡೇ ಬೀಳತಾವ. ಅಕ್ಕಿ ಬದಲಿ ತಲಿಗೆ 170 ರೂಪಾಯಿ ಬರ್ತಿತ್ತಲ್ಲ, ಅದೂ ಹಂಗ. ಕಿಸಾನ್ ಸಮ್ಮಾನದ 2,000 ಬರ್ತೈತಿ, ಬೆಳಿ ವಿಮಾ ಬರ್ತೈತಿ, ಹೊಲ ನಿಮ್ಮ ಹೆಸರಿಲೆ ಇದ್ರ ಕಬ್ಬಿನ ಬಿಲ್ಲು ಬರ್ತೈತಿ. ಅದಕ್ಕ ಮೊದಲ ಪಾಸ್‌ಬುಕ್ ಎಂಟ್ರಿ ಮಾಡಿಸ್ರಿ. ಯಾರು ಹಾಕ್ಯಾರ, ಯಾವ ಯೋಜನಾ ಅಂತ ಅದರಾಗ ಗುರುತು ಇರ್ತೈತಿ. ಓದಾಕ ಬರದಿದ್ರ ಕೌಂಟರಿನಾಗ ಕೇಳ್ರಿ. ಕೇಳೂದು ನಮ್ಮ ಹಕ್ಕು, ಅವರು ಮಾರಿ ಗಂಟು ಹಾಕಿದ್ರ ಹಾಕ್ಲಿ.

ನಮ್ಮದಾದ ರೊಕ್ಕ ಬಿಡಬ್ಯಾಡ್ರಿ, ಒಂದು ರೂಪಾಯಿನೂ ಬಿಡಬ್ಯಾಡ್ರಿ. ನಾವು ಹಕ್ಕಿನ ರೊಕ್ಕ ಬಿಡೂ ಮಂದಿನೂ ಅಲ್ಲ. 2025ರ ನವೆಂಬರದಾಗ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಾಗ ಕಬ್ಬಿನ ಧಾರಣಿ ಸಲುವಾಗಿ ರೈತರು ಹಗಲೂ ರಾತ್ರಿ ರಸ್ತಾದಾಗ ಕುಂತ್ರು. ಟನ್ನಿಗೆ 3,500 ಕೇಳಿದ್ರು, 3,300ಕ್ಕ ಬಂದು ನಿಂತಿತು. ನಮ್ಮ ಬೆವರಿನ ಇನ್ನೂರು ರೂಪಾಯಿಗೆ ರಸ್ತಾದಾಗ ಕುಂದರಾಕ ಬರ್ತೈತಿ ಅಂದಮ್ಯಾಲ, ಇನ್ನೊಬ್ಬರ ಬೆವರಿನ ರೊಕ್ಕ ನುಂಗಾಕ ನಾಲಿಗಿ ಹೆಂಗ ಬರ್ತೈತಿ? ಹಕ್ಕು ಅನ್ನೂದು ನಮ್ಮ ಕಡಿ ಒಂದು ತೂಕ, ಮಂದಿ ಕಡಿ ಒಂದು ತೂಕ ಇರೂದಿಲ್ಲ.

ಈಗ "ಬ್ಯಾಂಕಿನ ತಪ್ಪು" ಅನ್ನೂ ಮಾತಿಗೆ ಬರೂಣು. ಆ ರೊಕ್ಕ ಬ್ಯಾಂಕಿಂದು ಅಂತ ಯಾರು ಹೇಳಿದ್ರು ನಿಮಗ? ಸರಕಾರದ ರೊಕ್ಕ ಖಾತೆ ನಂಬರ್ ನೋಡಿ ಬರೂದಲ್ಲ, ಆಧಾರ ನೋಡಿ ಬರ್ತೈತಿ. ಯಾವ ಖಾತೇಕ ಕಡೀಕ ಆಧಾರ ಜೋಡಿಸಿರ್ತಾರೋ ಅಲ್ಲಿಗೆ ಹೋಗಿ ಬೀಳತೈತಿ. ಕಂಪ್ಯೂಟರಿನಾಗ ಒಂದು ಅಂಕಿ ಹೆಚ್ಚುಕಡಿಮಿ ಹೊಡದ್ರ ಒಬ್ಬಾಕಿ ರೊಕ್ಕ ಇನ್ನೊಬ್ಬಾಕಿ ಖಾತೇಕ ಬರಾಕ ಸಾಕು. ಆಕಿ ಅಲ್ಲಿ ತಿಂಗಳಾನಗಟ್ಟಲೆ ಅಂಗನವಾಡಿಗೆ, ತಹಶೀಲ್ದಾರ ಕಚೇರಿಗೆ, ಬ್ಯಾಂಕಿಗೆ ಎಡತಾಕಿ ಚಪ್ಪಲಿ ಸವಸತಿರ್ತಾಳ, ನೀವು ಇಲ್ಲಿ "ಲಕ್ಷ್ಮಿ ಬಂದಾಳ" ಅಂತ ಅರಿಷಿಣ ಕುಂಕುಮ ಹಚ್ಚಾಕತ್ತೀರಿ.

2019ರ ಆಗಸ್ಟ್ ನೆನಪು ಮಾಡ್ಕೋರಿ. ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಬಂದು ಗೋಕಾಕದ ಮನಿಗೋಳು ಮುಣಗಿದ್ವು, ಲೋಳಸೂರ ಸೇತುವಿ ಮ್ಯಾಲ ನೀರು ಹರೀತು. ಆವಾಗ ತುರ್ತು ಪರಿಹಾರ ಅಂತ ಮನಿಗೆ 10,000, ಪೂರಾ ಬಿದ್ದ ಮನಿಗೆ 5 ಲಕ್ಷ ಅಂತ ಸರಕಾರ ಹೇಳಿತ್ತು. ಆ ಯಾದಿಯೊಳಗ ಹೆಸರು ಬರಲಿಲ್ಲ ಅಂತ ಅತ್ತವರನ್ನ ನಾವ ಕಣ್ಣಾರೆ ನೋಡೇವಿ. ಅಂಥಾಕಿಯ ಗ್ವಾಡಿ ರೊಕ್ಕ ನಿಮ್ಮ ಖಾತೇಕ ತಪ್ಪಿ ಬಂತು ಅಂತ ತಿಳೀರಿ. ಅದರಾಗ ಬಂಗಾರದ ಬೋರಮಾಳ ಮಾಡಿಸ್ಕೊಂಡು ಹಾಕ್ಕೋತೀರೇನು? ಕುತಿಗಿ ಸುಡೂದಿಲ್ಲೇನು?

"ಬ್ಯಾಂಕಿನವರೇನು ಸಾಚಾ ಅದಾರೇನು?" ಅಂತೀರಿ. ಇಲ್ಲ. 2024ರಾಗ ನಮ್ಮ ಗೋಕಾಕದ ಒಂದು ಸಹಕಾರಿ ಬ್ಯಾಂಕಿನಾಗ ಎಪ್ಪತ್ತು ಕೋಟಿಗೂ ಮಿಕ್ಕಿ ರೊಕ್ಕ ಹೋಗೇತಿ ಅಂತ ಅಲ್ಲಿಯ ನೌಕರರ ಮ್ಯಾಲನ ಪ್ರಕರಣ ಆಗೇತಿ. ಠೇವು ಇಟ್ಟವರ ಹೊಟ್ಟಿ ಎಷ್ಟು ಉರದೈತಿ ಅಂತ ನಿಮಗ ಗೊತ್ತೈತಿ. ಆದ್ರ ಆವಾಗ ನೀವ ಏನಂದ್ರಿ? "ಮಂದಿ ರೊಕ್ಕ ನುಂಗಿದವರು ಉದ್ಧಾರ ಆಗೂದಿಲ್ಲ" ಅಂದ್ರಿ. ಅದ ಮಾತು ಇಲ್ಲಿಗೂ ಸಲ್ಲತೈತಿ. ಅವರು ನುಂಗಿದ್ರ ಪಾಪ, ನಾವು ನುಂಗಿದ್ರ ಪ್ರಸಾದ ಆಗೂದಿಲ್ಲ.

ಪಾಪ ಪುಣ್ಯ ಬ್ಯಾಡ, ಕಾಯ್ದೆ ಮಾತು ಹೇಳು ಅನ್ನೋರಿಗೆ ಕಾಯ್ದೇನೂ ಹೇಳ್ತೀನಿ. 1872ರ ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ ತಪ್ಪಿ ಬಂದ ರೊಕ್ಕ ತಿರುಗಿ ಕೊಡಲೇಬೇಕು. ನೂರೈವತ್ತು ವರ್ಷದ ಹಳೇ ಮಾತು ಇದು, ನಿನ್ನೆ ಮೊನ್ನೆ ಮಾಡಿದ್ದಲ್ಲ. ಗೊತ್ತಿದ್ದೂ ಅಪ್ರಾಮಾಣಿಕವಾಗಿ ಇಟ್ಕೊಂಡ್ರ ಹೊಸಾ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಐತಿ: ಕಡಿಮಿ ಅಂದ್ರ ಆರು ತಿಂಗಳು, ಹೆಚ್ಚಂದ್ರ ಎರಡು ವರ್ಷ ಜೈಲು, ಮ್ಯಾಲ ದಂಡ.

ಬಿಹಾರದ ಖಗಡಿಯಾದಾಗ ಒಬ್ಬಾಂವನ ಖಾತೇಕ ಗ್ರಾಮೀಣ ಬ್ಯಾಂಕಿನವರು ತಪ್ಪಿ ಐದೂವರಿ ಲಕ್ಷ ಹಾಕಿದ್ರು. ತಿರುಗಿ ಕೇಳಿದ್ರ, "ಪ್ರಧಾನಿ ಹದಿನೈದು ಲಕ್ಷ ಹಾಕ್ತೀನಿ ಅಂದಿದ್ರು, ಇದು ಮೊದಲ ಕಂತು ಅಂತ ತಿಳಿದು ಖರ್ಚು ಮಾಡೀನಿ" ಅಂದ. 2021ರಾಗ ಪೊಲೀಸರು ಅಂವನ್ನ ಹಿಡಕೊಂಡು ಹೋದ್ರು. ಕೇಳಾಕ ನಗಿ ಬರ್ತೈತಿ, ಆದ್ರ ಅಂವನ ಮನಿಯಾಕಿಗೆ ನಗಿ ಬಂದಿರ್ಲಿಕ್ಕಿಲ್ಲ. 2023ರ ನವೆಂಬರ 10ರಿಂದ 13ರ ತನಕ, ದೀಪಾವಳಿ ಹೊತ್ತಿನಾಗ, ಯೂಕೋ ಬ್ಯಾಂಕಿನ ಸುಮಾರು 41,000 ಖಾತೆಗಳಿಗೆ ಕಂಪ್ಯೂಟರ್ ತಪ್ಪಿನಿಂದ 820 ಕೋಟಿ ರೂಪಾಯಿ ಬಿತ್ತು. ಬ್ಯಾಂಕು ಕೆಲವೇ ದಿನದಾಗ 649 ಕೋಟಿ ಹಿಂದಕ್ಕ ಎಳಕೊಂಡಿತು. ಉಳಿದದ್ದನ್ನ ಹಬ್ಬದ ಉಡುಗೊರಿ ಅಂತ ತಗದು ಜಾಗಾ ಬದಲಿಸಿದವರ ಬೆನ್ನ ಹತ್ತಿ ಸಿಬಿಐ ಬಂತು, ಮುಂದ 2024ರ ಮಾರ್ಚದಾಗ ರಾಜಸ್ಥಾನ, ಮಹಾರಾಷ್ಟ್ರದಾಗ ಶೋಧ ಮಾಡಿತು. ಬ್ಯಾಂಕಿನ ತಪ್ಪು ಅಂತ ಯಾರನ್ನೂ ಬಿಡಲಿಲ್ಲ.

ಹಂಗಾದ್ರ ಲಗೂನ ತಿರುಗಿ ಕೊಟ್ಟು ಕೈ ತೊಳಕೊಳ್ಳೂದ ಒಳ್ಳೇದು ಅಂತೀರಿ. ಇಲ್ಲೇ ಇನ್ನೊಂದು ತಗ್ಗು ಐತಿ, ಒಳ್ಳೇ ಮನಸಿನವರು ಬೀಳೂದು ಈ ತಗ್ಗಿನಾಗ. ಫೋನ್ ಬರ್ತೈತಿ. "ಅಕ್ಕಾ, ತಪ್ಪಿ ನಿಮ್ಮ ನಂಬರಿಗೆ ಐದು ಸಾವಿರ ಹಾಕೀನಿ, ನಮ್ಮವ್ವ ದವಾಖಾನ್ಯಾಗ ಅದಾಳ, ಈ ನಂಬರಿಗೆ ಹಾಕ್ರಿ" ಅಂತ ಅಳತಾನ. ಒಬ್ಬಾಂವ ಸುಳ್ಳು ಮೆಸೇಜ್ ಕಳಸಿರ್ತಾನ, ಖಾತ್ಯಾಗ ರೊಕ್ಕ ಬಂದಿರೂದ ಇಲ್ಲ. ಇನ್ನೊಬ್ಬಾಂವ ಖರೇನ ಹಾಕಿರ್ತಾನ, ಆದ್ರ ಅದು ಯಾರದೋ ಖಾತೆಯಿಂದ ದೋಚಿದ ರೊಕ್ಕ. ನೀವು ಅಂವ ಹೇಳಿದ ನಂಬರಿಗೆ ಹಾಕಿದ ಕೂಡ್ಲೆ ಕಳವಿನ ರೊಕ್ಕ ದಾಟಿಸಿದ ಸೇತುವಿ ನೀವ ಆಗತೀರಿ. ರೊಕ್ಕ ಕಳಕೊಂಡವರು ದೂರು ಕೊಟ್ಟ ಮ್ಯಾಲ ಪೊಲೀಸರು ಹಾದಿ ಹಿಡಿದು ಬಂದು ನಿಮ್ಮ ಖಾತೆ ಬಂದ್ ಮಾಡಸ್ತಾರ. ನಿಮ್ಮ ಗೃಹಲಕ್ಷ್ಮಿ, ಸಂಘದ ಸಾಲ, ಹೈನದ ರೊಕ್ಕ ಎಲ್ಲಾ ಅದರೊಳಗ ಸಿಕ್ಕಿ ಬೀಳತಾವ.

ಅದಕ್ಕ ಹಾದಿ ಒಂದ: ಬಳಸಬ್ಯಾಡ್ರಿ, ಬ್ಯಾರೆ ಕಡಿ ಸರಿಸಬ್ಯಾಡ್ರಿ, ಫೋನ್ ಮಾಡಿದವರಿಗೆ ಹಾಕಬ್ಯಾಡ್ರಿ. ನಿಮ್ಮ ಶಾಖೆಗೆ ಹೋಗ್ರಿ. ಒಂದು ಅರ್ಜಿ ಬರೀರಿ: ಇಂಥಾ ತಾರೀಖಿಗೆ ಇಷ್ಟು ರೊಕ್ಕ ಬಂದೈತಿ, ಇದು ನನ್ನದಲ್ಲ, ನಾನು ಮುಟ್ಟಿಲ್ಲ, ಯಾರದು ಅಂತ ನೋಡಿ ಬ್ಯಾಂಕಿನ ಮುಖಾಂತರ ತಿರುಗಿ ಹಾಕ್ರಿ. ಎರಡು ಪ್ರತಿ ಮಾಡ್ರಿ, ಒಂದರ ಮ್ಯಾಲ ಸಿಕ್ಕಾ ಹೊಡಿಸ್ಕೊಂಡು ಮನ್ಯಾಗ ಇಡ್ರಿ. ಆ ಸಿಕ್ಕಾ ಬಂಗಾರಕ್ಕಿಂತ ಹೆಚ್ಚು. ಫೋನಿನ್ಯಾಗ ಹೆದರಿಸಿದ್ರ 1930ಕ್ಕ ಹಚ್ಚಿ ಸೈಬರ್ ಪೊಲೀಸರಿಗೆ ಹೇಳ್ರಿ. ಖಾತೆ ಬಂದ್ ಆದ್ರ ಯಾವ ಠಾಣೆ, ಯಾವ ದೂರು ಅಂತ ಬ್ಯಾಂಕಿನಿಂದ ಬರಹದಾಗ ಕೇಳ್ರಿ. ಬ್ಯಾಂಕಿಗೆ ಕೊಟ್ಟ ದೂರಿಗೆ ಮೂವತ್ತು ದಿನದಾಗ ಉತ್ತರ ಬರಲಿಲ್ಲ ಅಂದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗತೈತಿ, ಅದರ ಮಾಹಿತಿಗೆ 14448 ಅಂತ ನಂಬರ್ ಐತಿ.

ಈಗ ಎಲ್ಲಕ್ಕಿಂತ ಖಾರದ ಮಾತು. ನಮ್ಮ ಖಾತೇಕ ಬರೂ ಗೊತ್ತಿಲ್ಲದ ರೊಕ್ಕ ಎಲ್ಲಾ ಬ್ಯಾಂಕಿನ ತಪ್ಪಿನಿಂದ ಬರೂದಿಲ್ಲ. ಮನಿ ಗಂಡಸರ ಕೈಯಿಂದಾನೂ ಬರ್ತೈತಿ. "ಅತ್ತೀ, ನಿನ್ನ ಖಾತೇಕ ಒಂದಿಷ್ಟು ರೊಕ್ಕ ಬರ್ತೈತಿ, ತಗದು ಕೊಡು, ನಿನಗೆರಡು ಸಾವಿರ ಇಟಗೋ" ಅಂತಾನ ಅಳಿಯಾ. ಎಟಿಎಂ ಕಾರ್ಡು ಗಂಡನ ಕಿಸೇದಾಗ, ಸಿಮ್ಮು ಮೈದುನನ ಫೋನಿನ್ಯಾಗ, ಪಿನ್ ನಂಬರ್ ಕಾರ್ಡಿನ ಹಿಂದ ಬರದಿರ್ತೈತಿ. ಖಾತೆ ಮಾತ್ರ ನಮ್ಮ ಹೆಸರಿಲೆ. 2016ರಾಗ ನೋಟು ರದ್ದಾದಾಗ ಇದ ಆಟ ಆಡಿದ್ರು. ಸಾವುಕಾರರು ಬಡವರ ಜನಧನ ಖಾತೆಯೊಳಗ ತಮ್ಮ ನೋಟು ತುಂಬಿದ್ರು. ಬೇನಾಮಿ ಕಾಯ್ದೆ ಪ್ರಕಾರ ಏಳು ವರ್ಷದ ತನಕ ಜೈಲು ಆಗತೈತಿ ಅಂತ ಆದಾಯ ತೆರಿಗಿ ಇಲಾಖೆ ಹೇಳಬೇಕಾತು. ಆನ್‌ಲೈನ್ ಜೂಜಿನ ರೊಕ್ಕ, ಸೈಬರ್ ಕಳ್ಳರ ರೊಕ್ಕ ತಿರಗ್ಯಾಡೂದೂ ಈಗ ಇಂಥ ಬಾಡಿಗಿ ಖಾತ್ಯಾಗನ. ಪೊಲೀಸರು ಬಾಗಲಕ್ಕ ಬಂದಾಗ ಅಳಿಯನ ಹೆಸರು ಕೇಳೂದಿಲ್ಲ, ಪಾಸ್‌ಬುಕ್ಕಿನ ಮ್ಯಾಲ ಇರೂ ಹೆಸರು ಕೇಳತಾರ.

ಸೀರಿ ಕೇಳಿದ್ರ ಕೊಡ್ರಿ, ಬಂಗಾರ ಕೇಳಿದ್ರ ಯೋಚನಿ ಮಾಡಿ ಕೊಡ್ರಿ, ಖಾತೆ ಮಾತ್ರ ಯಾರಿಗೂ ಕಡಾ ಕೊಡಬ್ಯಾಡ್ರಿ. ನಮ್ಮವ್ವಂದಿರಿಗೆ ಹಿತ್ತಾಳಿ ಡಬ್ಬಿಯೊಳಗ, ಸಾಸಿವಿ ಅಡ್ಯಾಗ ಮುಚ್ಚಿಟ್ಟ ರೊಕ್ಕ ಬಿಟ್ರ ತಮ್ಮದು ಅಂತ ಏನೂ ಇರಲಿಲ್ಲ. ನಮಗ ಈಗ ನಮ್ಮ ಹೆಸರಿಲೆ ಒಂದು ಖಾತೆ ಐತಿ. 2024ರಾಗ ರಾಯಬಾಗ ತಾಲೂಕಿನ ಒಬ್ಬ ಅಜ್ಜಿ ಗೃಹಲಕ್ಷ್ಮಿ ರೊಕ್ಕ ಕೂಡಿಸಿ ಊರಿಗೆಲ್ಲಾ ಹೋಳಿಗಿ ಊಟ ಹಾಕಿದ್ಲು. ಆ ಹೋಳಿಗಿ ಅಷ್ಟು ರುಚಿ ಯಾಕ ಆತು ಅಂದ್ರ, ರೊಕ್ಕ ಆಕಿದು, ಮನಸೂ ಆಕಿದು. ಮಂದಿ ರೊಕ್ಕದಾಗ ಹಂಗ ಎದಿ ಎತ್ತಿ ಬಡಸಾಕ ಬರೂದಿಲ್ಲ.

ಇದೇನು ಹೊಸಾ ಮಾತಲ್ಲ. ಹನ್ನೆರಡನೇ ಶತಮಾನದಾಗ ಆಯ್ದಕ್ಕಿ ಮಾರಯ್ಯ ಅಂಗಳದಾಗ ಬಿದ್ದ ಅಕ್ಕಿ ಆಯ್ಕೊಂಡು ಮನಿಗೆ ತರತಿದ್ದ. ಒಂದಿನ ರೂಢಿಗಿಂತ ಹೆಚ್ಚು ತಂದ. ಕಳವು ಮಾಡಿರಲಿಲ್ಲ, ಬಿದ್ದದ್ದನ್ನ ತಂದಿದ್ದ. ಆದ್ರೂ ಲಕ್ಕಮ್ಮ ಒಲಿ ಹಚ್ಚಲಿಲ್ಲ. ಹೆಚ್ಚಿನ ಅಕ್ಕಿ ಎಲ್ಲಿತ್ತೋ ಅಲ್ಲೇ ಸುರುವಿ ಬಾ ಅಂತ ಗಂಡನ್ನ ತಿರುಗಿ ಕಳಿಸಿದ್ಲು. ಮನ್ಯಾಗ ಏನು ಬರಬೇಕು, ಏನು ಬರಬಾರದು ಅಂತ ಹೇಳೂ ಅಧಿಕಾರ ಆಕಿ ಕೈಯಾಗ ಇತ್ತು. ನಮಗೂ ಐತಿ, ನಾವ ಬಳಸೂದಿಲ್ಲ ಅಷ್ಟ.

ಸೋಮವಾರ ಬ್ಯಾಂಕ್ ತೆರೀತೈತಿ. ಪಾಸ್‌ಬುಕ್ ಹುಡುಕ್ರಿ, ಗಂಡನ ಕಿಸೇದಾಗಿನ ಕಾರ್ಡು ಇಸ್ಕೋರಿ, ಎಂಟ್ರಿ ಮಾಡಿಸ್ರಿ. ನಿಮ್ಮದಿದ್ರ ಗಟ್ಟಿ ಹಿಡೀರಿ. ನಿಮ್ಮದಲ್ಲದಿದ್ರ ಅರ್ಜಿ ಕೊಟ್ಟು, ಸಿಕ್ಕಾ ಹೊಡಿಸ್ಕೊಂಡು, ಬರೂವಾಗ ಸಂತ್ಯಾಗ ಮೆಂತೆ ಪಲ್ಲೆ ತರ್ರಿ.